‘ಸೆಟ್’ ಅಂದರೆ ಕೂರಿಸು

ಎಂಟನೇ ತರಗತಿಗೆ ಇಂಗ್ಲಿಷ್ ಹೇಳಿಕೊಡೋಕೆ ಶುರು ಮಾಡಿದ ವರ್ಷ, ‘ಸೆಟ್’ ಪದದ ಹನ್ನೆರಡು ಅರ್ಥಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ವಾರದ ನಂತರ ಟೆಸ್ಟ್ ಕೊಟ್ಟೆ. ‘ದಿ ಸಿಮೆಂಟ್ ಹ್ಯಾಸ್ ಸೆಟ್’ ಅನ್ನೋದಕ್ಕೆ ಒಬ್ಬಳು ‘ಸಿಮೆಂಟ್ ಮುಳುಗಿದೆ’ ಅಂತ ಬರೆದಿದ್ದಳು. ಸೂರ್ಯ ಮುಳುಗೋದು ಅವಳಿಗೆ ನೆನಪಿತ್ತು. ತಪ್ಪು ಅವಳದ್ದಲ್ಲ, ನಾನು ಕೊಟ್ಟಿದ್ದೇ ಬರೀ ಪಟ್ಟಿ.

1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರೋದು ಈ ಪುಟ್ಟ ಪದಕ್ಕೇ. 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಬಾಯಿಪಾಠದಿಂದ ಆಗೋ ಕೆಲಸವಾ ಇದು?

ದಾರಿ ಸಿಕ್ಕಿದ್ದು ಪದದ ಹುಟ್ಟು ಹುಡುಕಿದಾಗ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಹಳೆಯ ಇಂಗ್ಲಿಷಿನಲ್ಲೇ ಈ ಜೋಡಿ ಇತ್ತು. ಮುಂದಿನ ವರ್ಷ ಬೋರ್ಡಿನ ಮೇಲೆ ‘ಕೂರಿಸು’ ಅಂತ ಒಂದೇ ಪದ ಬರೆದೆ.

“ಉಂಗುರಕ್ಕೆ ಹರಳು ಏನು ಮಾಡ್ತಾರೆ?”

“ಕೂರಿಸ್ತಾರೆ ಮಿಸ್.”

“ಮುರಿದ ಮೂಳೆ?”

“ಅದನ್ನೂ ಕೂರಿಸ್ತಾರೆ!”

ಎರಡಕ್ಕೂ ಇಂಗ್ಲಿಷಿನಲ್ಲಿ ಸೆಟ್. ಅಲಾರಂ ಮುಳ್ಳನ್ನು ಐದಕ್ಕೆ ತಂದು ಕೂರಿಸಿದರೂ ಸೆಟ್. ಸಿಮೆಂಟ್ ಬಗ್ಗೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನ ಅಪ್ಪ ಗಾರೆ ಕೆಲಸದವರು. “ಹಾಕಿದ ಜಾಗದಲ್ಲೇ ಕೂತು ಗಟ್ಟಿ ಆಗುತ್ತೆ ಮಿಸ್” ಅಂದ. ಅವನ ಮಾತನ್ನೇ ಬೋರ್ಡಿನ ಮೇಲೆ ಬರೆದೆ. ನನಗೆ ಹೊಳೆದಿದ್ದಕ್ಕಿಂತ ಚೆನ್ನಾಗಿತ್ತು. ಮೊಸರೂ ಹಾಗೇ ಅಲ್ವಾ? ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಬಾರದು.

“ಹಾಗಾದ್ರೆ ಸೆಟ್ ದೋಸೆಯಲ್ಲಿ ಏನು ಕೂರಿಸಿದ್ದಾರೆ?” ಅಂತ ಇನ್ನೊಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ. ಎರಡೋ ಮೂರೋ ದೋಸೆ ಒಟ್ಟಿಗೆ ಕೊಡೋ ಆ ‘ಸೆಟ್’ ಹಳೆಯ ಫ್ರೆಂಚಿನಿಂದ ಬಂದದ್ದು, ಬೇರೆಯೇ ಬೇರು. ಬಳೆ ಸೆಟ್, ಟೀ ಸೆಟ್, ಗಣಿತದಲ್ಲಿ ನಾವು ‘ಗಣ’ ಅನ್ನೋದು, ಎಲ್ಲ ಆ ಕಡೆಯವು.

ಕೆಲವು ಕಡೆ ‘ಕೂರಿಸು’ ಹೊಂದಲ್ಲ. ‘ದಿ ರೇನ್ಸ್ ಹ್ಯಾವ್ ಸೆಟ್ ಇನ್’ ಅಂದರೆ ನಮಗೆ ‘ಮಳೆ ಹಿಡ್ಕೊಂಡಿದೆ’. ಇಂಥವನ್ನು ಇನ್, ಆಫ್, ಅಪ್ ಜೊತೆ ಸೇರಿಸಿ ಇಡೀ ವಾಕ್ಯವಾಗಿ ಕಲಿಸ್ತೀನಿ.

ಮಕ್ಕಳು ಈಗಲೂ ಎಡವೋದು ಕಾಲದಲ್ಲಿ. ನಿನ್ನೆಗೂ ‘ಸೆಟ್’, ಇವತ್ತಿಗೂ ‘ಸೆಟ್’. ‘ಶಿ ಸೆಟ್ ದಿ ಕ್ಲಾಕ್’ ಅಂತ ಬರೆದು, ‘ಸೆಟ್’ ಪದದ ಕೊನೆಗೆ ‘ಸ್’ ಇದೆಯಾ ನೋಡಿ ಅಂತೀನಿ. ಇಲ್ಲ ಅಂದರೆ, ಅವಳು ಆಗಲೇ ಗಡಿಯಾರ ಸರಿಮಾಡಿ ಆಗಿದೆ.