ಫಾರ್ಮಲಿನ್ ಡಬ್ಬಿಯಿಂದಲೇ ಶುರು

ಶಿರಸಿಯಲ್ಲಿ ಪೆಥಾಲಜಿ ಲ್ಯಾಬ್ ನಡೆಸುತ್ತೇನೆ. ಕುಮಟಾ, ಅಂಕೋಲಾ ಕಡೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೊಡ್ಡ ಕರುಳಿನ ತುಂಡುಗಳು ದೇವಿಮನೆ ಘಾಟಿ ಹತ್ತಿ ನನ್ನ ಮೇಜಿಗೆ ಬರುತ್ತವೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯವರು ಕೇಳುವುದು ಒಂದೇ: ಮರುಕಳಿಸುತ್ತದೆಯೇ?

ಗೆಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕಿಳಿದಿದೆ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್‌ಗಳಿಗೆ) ಹರಡಿದೆಯೇ ಎಂಬುದಕ್ಕೇ ಈಗಲೂ ಹೆಚ್ಚಿನ ತೂಕ. ಅದಕ್ಕಾಗಿ ಕೊಬ್ಬನ್ನು ತಡಕಿ ಕನಿಷ್ಠ 12 ಗ್ರಂಥಿಗಳನ್ನಾದರೂ ಹುಡುಕುತ್ತೇನೆ. ಪ್ರೋಟೀನುಗಳ ಸರದಿ ಆಮೇಲೆ.

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6: ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳು. ಗ್ರಂಥಿಗಳಿಗೆ ಹರಡದ ಎರಡನೇ ಹಂತದ ಗೆಡ್ಡೆಯಲ್ಲಿ ಇವುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ ರೋಗಿಗೆ ಅದು ಒಳ್ಳೆಯ ಸುದ್ದಿ. ಮರುಕಳಿಸುವ ಸಂಭವ ಕಡಿಮೆ. ಕೀಮೋ ಔಷಧಿ ಫ್ಲೋರೋಯುರಾಸಿಲ್ ಒಂದನ್ನೇ ಕೊಡುವುದರಿಂದ ಅಂಥವರಿಗೆ ಲಾಭವೂ ಕಾಣುವುದಿಲ್ಲ. ಜೊತೆಗೆ, ಈ ದೋಷ ವಂಶಪಾರಂಪರ್ಯದ್ದೋ ಎಂದು ನೋಡಬೇಕಾಗುತ್ತದೆ. ಹೌದಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕು.

ಈ ಪ್ರೋಟೀನು ಇರುವ ಜೀವಕೋಶದ ಕೇಂದ್ರವನ್ನು ಕಂದಾಗಿಸಿ ತೋರಿಸುವ ಬಣ್ಣದ ಪರೀಕ್ಷೆ ನನ್ನಲ್ಲಿಲ್ಲ. ಗೆಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿ ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುತ್ತೇನೆ. ಆದರೆ ಫಲಿತಾಂಶದ ಅರ್ಧ ಹಣೆಬರಹ ಆಪರೇಷನ್ ಕೋಣೆಯಲ್ಲೇ ಬರೆದುಹೋಗಿರುತ್ತದೆ. ಕರುಳನ್ನು ಸೀಳದೆ ಇಡಿಯಾಗಿ, ಉಪ್ಪಿನಕಾಯಿಯಂತೆ ಸಣ್ಣ ಡಬ್ಬಿಗೆ ತುರುಕಿದರೆ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ಒಳಗಿಳಿಯುವಷ್ಟರಲ್ಲಿ ನಡುಭಾಗ ಕೊಳೆತಿರುತ್ತದೆ. ಅಂಥ ಬ್ಲಾಕಿನಲ್ಲಿ ಗೆಡ್ಡೆಯ ಪಕ್ಕದ ಆರೋಗ್ಯವಂತ ಜೀವಕೋಶಗಳ ಕೇಂದ್ರವೂ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಆಗ ಪ್ರೋಟೀನು ನಿಜಕ್ಕೂ ಕಾಣೆಯಾಗಿದೆಯೋ, ಪರೀಕ್ಷೆಯೇ ಕೆಟ್ಟಿದೆಯೋ ಹೇಳಲಾಗದು. ಆದ್ದರಿಂದ ಸರ್ಜನ್‌ಗಳಲ್ಲಿ ನನ್ನ ಹಟ ಇಷ್ಟೇ: ಕರುಳನ್ನು ಉದ್ದಕ್ಕೆ ಸೀಳಿ ತೊಳೆಯಿರಿ, ಅದರ ಹತ್ತು ಪಟ್ಟು ಫಾರ್ಮಲಿನ್ ಹಾಕಿ, ಮುಳುಗಿಸಿದ ಸಮಯ ಬರೆಯಿರಿ. ಫಾರ್ಮಲಿನ್‌ನಲ್ಲಿ 72 ಗಂಟೆ ಮೀರಿದರೂ ತೊಂದರೆಯೇ. ಮಳೆಗಾಲದಲ್ಲಿ ಘಾಟಿ ಬಂದಾದಾಗ ಈ ಗಡುವಿನದೇ ಚಿಂತೆ.

ರಕ್ತದ ಸಿಇಎ ಪರೀಕ್ಷೆ ಇಲ್ಲೇ ಆಗುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ, 1965ರಲ್ಲೇ ಪತ್ತೆಯಾದ ಹಳೆಯ ಪ್ರೋಟೀನು ಇದು. ಶಸ್ತ್ರಚಿಕಿತ್ಸೆಗೆ ಮೊದಲೊಮ್ಮೆ ಅಳೆಯಬೇಕು. ನಂತರ ಒಂದೂವರೆ ತಿಂಗಳ ಹೊತ್ತಿಗೂ ಇಳಿಯದಿದ್ದರೆ ಎಲ್ಲೋ ರೋಗ ಉಳಿದಿರುವ ಶಂಕೆ. ಬೇರೆ ಬೇರೆ ಲ್ಯಾಬುಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ನಾನು ಒಪ್ಪುವುದಿಲ್ಲ, ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಮಿಲಿಲೀಟರಿಗೆ 5 ನ್ಯಾನೋಗ್ರಾಂ ಎಂಬ ಸಾಮಾನ್ಯ ಮಿತಿ ದಾಟಬಹುದು. ಹಾಗಾಗಿ ಬೀಡಿ ಸೇದುತ್ತೀರಾ ಎಂದು ರಕ್ತ ತೆಗೆಯುವಾಗಲೇ, ಆದಷ್ಟು ಹೆಂಡತಿಯ ಎದುರಿಗೇ ಕೇಳಿ, ಉತ್ತರವನ್ನು ವರದಿಯಲ್ಲಿ ಬರೆದುಬಿಡುತ್ತೇನೆ.