ಮೊಬೈಲ್ ಆ್ಯಪ್‌ನಾಗೆ ಷೇರು ರೇಟು ತೋರಿಸೋದು ಹೆಂಗೆ

ಕಲಿಯೋಕೆ ಮೂರೇ ಷೇರು ಸಾಕು, ನಮ್ಮ ಕಡೆಯವೇ ತಗೊಳ್ರಿ: ತೋರಣಗಲ್ಲಿನಾಗೆ ಫ್ಯಾಕ್ಟರಿ ಇರೋ ಜೆಎಸ್‌ಡಬ್ಲ್ಯೂ ಸ್ಟೀಲ್, ದೋಣಿಮಲೈನಾಗೆ ಗಣಿ ಇರೋ ಎನ್‌ಎಂಡಿಸಿ, ಕೊಪ್ಪಳದ ಬೇವಿನಹಳ್ಳಿ ಹತ್ರದ ಕಿರ್ಲೋಸ್ಕರ್ ಫೆರಸ್.

ಮೊದಲು ಡೇಟಾ ಎಲ್ಲಿಂದ ತರ್ತೀರಿ ಅನ್ನೋದು ಗಟ್ಟಿ ಮಾಡ್ಕೊಳ್ರಿ. ನಿಮ್ಮ ಸ್ವಂತಕ್ಕೆ ಆದ್ರೆ ಬ್ರೋಕರ್ ಕೊಡೋ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳಿ ತಗೊಳ್ಳೋ ದಾರಿ) ನಡೀತೈತೆ, ಆದ್ರೆ ಊರಿಗೆಲ್ಲ ಲೈವ್ ರೇಟು ತೋರಿಸ್ಬೇಕಂದ್ರೆ ಎಕ್ಸ್‌ಚೇಂಜ್ (ಷೇರು ಪೇಟೆ) ಲೈಸೆನ್ಸ್ ಇರೋ ಕಂಪನಿಯಿಂದಲೇ ತಗೋಬೇಕು, ವೆಬ್‌ಸೈಟ್‌ನಿಂದ ಕಿತ್ಕೊಂಡು ಬರೋ ದಾರಿ ಹಿಡೀಬ್ಯಾಡ್ರಿ. ಎಪಿಐ ಕೀ, ಅಂದ್ರೆ ಆ ಡೇಟಾ ತೆಗೆಯೋ ಗುಟ್ಟಿನ ಪಾಸ್‌ವರ್ಡು, ಆ್ಯಪ್ ಒಳಗೆ ಇಡಬಾರ್ದು, ಯಾರಾದ್ರೂ ಬಿಚ್ಚಿ ನೋಡ್ತಾರೆ, ಸರ್ವರ್‌ನಾಗೆ ಇಟ್ಟು ಅಲ್ಲಿಂದಲೇ ಕಳಿಸ್ರಿ.

ಆಮೇಲೆ ರೇಟು ಇಟ್ಕೊಳ್ಳೋದು. 205.35 ರೂಪಾಯಿನ 20535 ಪೈಸೆ ಅಂತ ಪೂರ್ಣ ಸಂಖ್ಯೆಯಾಗಿ ಇಡ್ರಿ, ದಶಮಾಂಶದಾಗೆ ಕೂಡಿ ಕಳೆದ್ರೆ ಕೊನೆ ಅಂಕಿ ಅಲ್ಲಾಡ್ತದೆ. ತೋರಿಸೋವಾಗ 1,25,430.50 ಅಂತ ಲಕ್ಷದ ಲೆಕ್ಕದಾಗೆ ಕಾಮಾ ಬರ್ಬೇಕು. ಪ್ರತಿ ಅಂಕಿಗೂ ಒಂದೇ ಅಗಲ ಕೊಡೋ ಫಾಂಟ್ ಹಾಕ್ರಿ, ಇಲ್ಲಾಂದ್ರೆ ರೇಟು ಬದಲಾದಾಗೆಲ್ಲ ಸಾಲು ಕುಣೀತದೆ.

ಏರಿಕೆ ಇಳಿಕೆ ಲೆಕ್ಕದಾಗೇ ಭಾಳ ಮಂದಿ ಎಡವೋದು. ಹೋಲಿಸ್ಬೇಕಾದ್ದು ಹಿಂದಿನ ದಿನದ ಕ್ಲೋಸಿಂಗ್ ಜೊತೆ, ಇವತ್ತಿನ ಓಪನಿಂಗ್ ಜೊತೆ ಅಲ್ಲ. ನಿನ್ನೆ 200ಕ್ಕೆ ಮುಗಿದಿದ್ದು ಇವತ್ತು 207ಕ್ಕೆ ಓಪನ್ ಆಗಿ ಈಗ 205 ಇದ್ರೆ ಅದು ಶೇ 2.5 ಏರಿಕೆ, ಓಪನಿಂಗ್ ಹಿಡಿದ್ರೆ ನಿಮ್ಮ ಆ್ಯಪ್ ಕೆಂಪು ತೋರಿಸ್ತದೆ! ಬೋನಸ್ (ಇರೋ ಷೇರಿಗೆ ಪುಕ್ಕಟೆ ಹೊಸ ಷೇರು), ಸ್ಪ್ಲಿಟ್ (ಒಂದು ಷೇರನ್ನ ಒಡೆದು ಹಲವು ಮಾಡೋದು) ಆದ ದಿನ ಆ ಹಳೇ ಕ್ಲೋಸಿಂಗನ್ನೂ ಸರಿಮಾಡ್ಬೇಕು. 2024ರ ಡಿಸೆಂಬರ್‌ನಾಗೆ ಎನ್‌ಎಂಡಿಸಿ ಒಂದು ಷೇರಿಗೆ ಎರಡು ಬೋನಸ್ ಕೊಡ್ತು, ಒಂದಿದ್ದದ್ದು ಮೂರಾಯ್ತು, ರೇಟು ಮೂರನೇ ಒಂದು ಭಾಗದ ಹತ್ರ ಬಂತು. ಸರಿಮಾಡದಿದ್ರೆ ಸ್ಕ್ರೀನ್ ಮೇಲೆ ಶೇ 66 ಬಿತ್ತು ಅಂತ ಬರ್ತದೆ, ಉಳಿಸಿದ ದುಡ್ಡು ಹಾಕಿರೋ ಮನುಷ್ಯ ಅದನ್ನ ನೋಡಿ ಗಾಬರಿಯಾಗಿ ಮಾರಿಬಿಟ್ರೆ ಏನು ಮಾಡ್ತೀರಿ?

ಲೈವ್ ಅಪ್‌ಡೇಟ್‌ಗೆ ವೆಬ್‌ಸಾಕೆಟ್ (ಒಮ್ಮೆ ತೆರೆದಿಟ್ರೆ ಸರ್ವರ್ ತಾನೇ ಹೊಸ ರೇಟು ಕಳಿಸೋ ಕನೆಕ್ಷನ್) ಒಳ್ಳೇದು, ಸೆಕೆಂಡಿಗೊಮ್ಮೆ ಕೇಳ್ತಾ ಕೂತ್ರೆ ಡೇಟಾ ಬ್ಯಾಟರಿ ಎರಡೂ ಖಾಲಿ. ಬಂದ ಪ್ರತಿ ಟಿಕ್‌ಗೂ (ರೇಟಿನ ಒಂದೊಂದು ಬದಲಾವಣೆಗೂ) ಸ್ಕ್ರೀನ್ ಬರೀಬ್ಯಾಡ್ರಿ, ಸೆಕೆಂಡಿಗೆ ಒಂದೆರಡು ಸಲ ಸಾಕು. ಆ್ಯಪ್ ಹಿಂದಕ್ಕೆ ಹೋದ್ರೆ ಕನೆಕ್ಷನ್ ಮುಚ್ರಿ. ಬಣ್ಣದ ಜೊತೆ ಬಾಣ ಅಥವಾ + − ಗುರುತು ಇರ್ಲೇಬೇಕು, ಕೆಂಪು ಹಸಿರು ಬೇರೆ ಮಾಡಿ ನೋಡೋಕಾಗದವ್ರು ಇದಾರೆ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ಸೋದು ರೇಟಿನ ಕೆಳಗಿನ ಟೈಮ್. ಸಂಡೂರು ಗುಡ್ಡದ ಕಡೆ ಬಸ್ಸಿನಾಗೆ ಕೂತವ್ರಿಗೆ ನೆಟ್‌ವರ್ಕ್ ಹೋಗಿ ಹೋಗಿ ಬರ್ತದೆ, ಹತ್ತು ನಿಮಿಷದ ಹಿಂದಿನ ರೇಟು ಈಗಿನದು ಅನ್ನೋ ಥರ ನಿಂತಿದ್ರೆ ಅದು ಸುಳ್ಳು ಹೇಳಿದಂಗೆ. ಫೋನಿನ ಟೈಮ್ ಹಾಕ್ಬ್ಯಾಡ್ರಿ, ಎಕ್ಸ್‌ಚೇಂಜ್ ಕೊಟ್ಟ ಟೈಮ್ ಹಾಕ್ರಿ. ಕನೆಕ್ಷನ್ ಕಡಿದ್ರೆ ಅಂಕಿನ ಮಂಕು ಮಾಡಿ "11:42ರ ರೇಟು" ಅಂತ ಬರೀರಿ. ಡೇಟಾನೇ 15 ನಿಮಿಷ ತಡದ್ದಾದ್ರೆ ಅದನ್ನೂ ಅಲ್ಲೇ ಹೇಳ್ರಿ. ವಹಿವಾಟಿನ ಹೊತ್ತು, ರಜೆ ಪಟ್ಟಿ ಎರಡೂ ಸರ್ವರ್‌ನಾಗೆ ಇರ್ಲಿ, ದೀಪಾವಳಿ ಮುಹೂರ್ತ ಟ್ರೇಡಿಂಗ್ (ರಜೆ ದಿನ ಸ್ವಲ್ಪ ಹೊತ್ತು ನಡೆಯೋ ವಿಶೇಷ ವಹಿವಾಟು) ದಿನ ಕೋಡ್ ಮುಟ್ಟೋದು ತಪ್ತದೆ.

ಆ್ಯಪ್ ಜನಕ್ಕೆ ಬಿಡೋ ಮುಂಚೆ ಭಾನುವಾರ ಒಂದ್ಸಲ ತೆಗೆದು ನೋಡ್ರಿ, ಶುಕ್ರವಾರದ ಕ್ಲೋಸಿಂಗ್ ತಾರೀಖಿನ ಸಮೇತ ಬರ್ಬೇಕು. ವಹಿವಾಟಿನ ನಡುವೆ ಏರೋಪ್ಲೇನ್ ಮೋಡ್ ಹಾಕಿ ತೆಗೀರಿ, ಕನೆಕ್ಷನ್ ತಾನಾಗೇ ವಾಪಸ್ ಬಂದು ಮೂರೂ ಷೇರಿನ ಟೈಮ್ ಮುಂದಕ್ಕೆ ಹೋಗ್ಬೇಕು.