ಆಸ್ತಮಾ ಇದ್ದವರು ಪ್ಯಾಕೆಟ್ ಹಿಂದಿನ 220ರಿಂದ 228ರ ನಂಬರ್ ನೋಡಿ
ಆಸ್ತಮಾ ಇರುವವರು ಒಣಹಣ್ಣು, ಬಾಟಲಿಯ ನಿಂಬೆರಸ, ವೈನ್ ಕೊಳ್ಳುವಾಗ ಲೇಬಲ್‌ನಲ್ಲಿ 220ರಿಂದ 228ರವರೆಗಿನ ಯಾವುದಾದರೂ ನಂಬರ್ ಅಥವಾ 'ಸಲ್ಫೈಟ್' ಅನ್ನೋ ಪದ ಇದೆಯಾ ನೋಡಿ, ಇದ್ದರೆ ಸ್ವಲ್ಪ ದಿನ ಬಿಟ್ಟು ನೋಡಿ. ಇವು ಆಹಾರ ಕೆಡದಂತೆ, ಬಣ್ಣ ಮಾಸದಂತೆ ಹಾಕುವ ಸಲ್ಫೈಟ್‌ಗಳು. ಇವುಗಳಿಂದ ಹೊರಬರುವ ಸಲ್ಫರ್ ಡೈಆಕ್ಸೈಡ್ ಅನಿಲ ಉಸಿರಿನ ಜೊತೆ ಒಳಗೆ ಹೋಗಿ, ಮೊದಲೇ ಸೂಕ್ಷ್ಮವಾಗಿರುವ ಶ್ವಾಸನಾಳ ಬಿಗಿಯುತ್ತದೆ, ಅದಕ್ಕೇ ಕೆಲವರಿಗೆ ತಿಂದ ಸ್ವಲ್ಪ ಹೊತ್ತಿಗೇ ಎದೆ ಹಿಡಿದ ಹಾಗಾಗಿ ಸುಯ್ ಸುಯ್ ಶಬ್ದ ಶುರುವಾಗುತ್ತದೆ. ಒಣದ್ರಾಕ್ಷಿಯ ಬಣ್ಣವೂ ಒಂದು ಸುಳಿವು: ಹೊಳೆಯುವ ಹೊಂಬಣ್ಣದ್ದಕ್ಕೆ ಸಾಮಾನ್ಯವಾಗಿ ಸಲ್ಫೈಟ್ ಹಾಕಿರುತ್ತಾರೆ, ಕಪ್ಪಗೆ ಸುಕ್ಕಾಗಿರುವುದಕ್ಕೆ ಹೆಚ್ಚಾಗಿ ಇರುವುದಿಲ್ಲ. ಆದರೆ ಬಿಡಿಯಾಗಿ ಮಾರುವುದಕ್ಕೆ, ಹೋಟೆಲ್ ಊಟಕ್ಕೆ ಲೇಬಲ್ಲೇ ಇರಲ್ಲ, ಅಲ್ಲಿ ಕೇಳಿಯೇ ತಿಳಿಯಬೇಕು. ಆಸ್ತಮಾ ಇರುವ ಎಲ್ಲರಿಗೂ ಸಲ್ಫೈಟ್ ಆಗಿಬರಲ್ಲ ಅಂತೇನಿಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಬಿಟ್ಟ ಮೇಲೂ ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಪಥ್ಯ ಮುಂದುವರಿಸಬೇಡಿ, ಕಾರಣ ಧೂಳೋ ನೆಗಡಿಯೋ ಇರಬಹುದು. ಮತ್ತೆ ದಯವಿಟ್ಟು, ಊಟ ಬದಲಾಯಿಸಿದೆ ಅಂತ ಇನ್‌ಹೇಲರ್ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.